ಹುಮನಾಬಾದಿನಿಂದ ಇನ್ನೂರು ಪ್ರತಿಗಳೊಂದಿಗೆ

ಬಸವಕಲ್ಯಾಣದಿಂದ ಬೆಳಗಿನ ಒಂಬತ್ತರ ಬಸ್ಸು ಒಂಬತ್ತೂವರೆಗೆ ಹೊರಟಿತು. ಹುಮನಾಬಾದಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಥ್ಯಾಂಕ್ಯೂ ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಈ ಪದ ನನ್ನನ್ನು ಕೇಳದೆಯೇ ಬಾಯಿಂದ ಬಂದುಬಿಡುತ್ತದೆ. ಒಮ್ಮೆ ಕಾಲು ತುಳಿದವರಿಗೂ ಹೇಳಿದ್ದೇನೆ.

ನನ್ನ ಮೊದಲ ಪುಸ್ತಕ ತರಲು ಹೊರಟಿದ್ದೆ. ‘ಮುಚ್ಚಳ ಸಿಗದ ಡಬ್ಬಿಗಳು’ ಎಂದು ಹೆಸರು. ಅರವತ್ನಾಲ್ಕು ಪುಟ, ಅಡುಗೆಮನೆ ಮತ್ತು ಓಣಿಯ ಬಗ್ಗೆ ಸಣ್ಣ ಸಣ್ಣ ಬರಹಗಳು. ಇಬ್ಬರು ಪ್ರಕಾಶಕರಿಗೆ ಕಳಿಸಿದ್ದೆ. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು, ಅಡುಗೆ ಮಾಡುವ ವಿಧಾನ ಸೇರಿಸಿದರೆ ನೋಡೋಣ ಎಂದರು. ಆಗ ನಾನೇ ಅಚ್ಚು ಹಾಕಿಸುವುದೆಂದು ನಿಶ್ಚಯಿಸಿದೆ. ಯಜಮಾನರು ಬೇಡ ಅನ್ನಲಿಲ್ಲ. “ಇನ್ನೂರು ಯಾಕ? ನಮ್ಮ ಬಳಗದಾಗ ಅಷ್ಟು ಮನಿ ಇಲ್ಲಲ್ಲ” ಎಂದರು ಅಷ್ಟೆ. ಆ ಮಾತು ಚುಚ್ಚಿತು. ಬಳಗದವರು ಮರ್ಯಾದೆಗೆ ಒಯ್ದು ಫ್ರಿಜ್ಜಿನ ಮೇಲೆ ಇಡುತ್ತಾರೆಂದು ನನಗೂ ಗೊತ್ತು. ನನ್ನ ಗುರುತೇ ಇಲ್ಲದವರು ಒಬ್ಬರಾದರೂ ಕೂತು ಓದಬೇಕು, ನನಗೆ ಬೇಕಾದದ್ದು ಅಷ್ಟೇ. ಮರುದಿನ ಹನ್ನೊಂದಕ್ಕೆ ನಮ್ಮ ಓಣಿಯ ಮಹಿಳಾ ಮಂಡಳದಲ್ಲಿ ಬಿಡುಗಡೆ.

ಚಳಿಗಾಲದ ಬಿಸಿಲು ಹಿತವಾಗಿತ್ತು. ಹುಮನಾಬಾದ್ ಹತ್ತಿರವಾದಂತೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಬಸ್ ಸ್ಟ್ಯಾಂಡಿನ ಎದುರು ಒಂದು ಪ್ಲೇಟ್ ಮಂಡಕ್ಕಿ ಸುಸಲಾ, ಎರಡು ಮಿರ್ಚಿ ಭಜಿ ತಿಂದೆ. ಕಣ್ಣಲ್ಲಿ ನೀರು ಬಂದದ್ದು ಮೆಣಸಿನಕಾಯಿಯಿಂದಲೇ, ಅಂಜಿಕೆಯಿಂದಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಾಣಿಕನಗರದ ಕಡೆಗೆ ಆಟೋ ಹತ್ತಿದೆ.

ಪ್ರೆಸ್ಸಿನ ಕಾಶಿನಾಥಣ್ಣ ಹೆಚ್ಚಾಗಿ ಮಾಡುವುದು ಲಗ್ನಪತ್ರಿಕೆ. ನನ್ನದು ಅವರು ಮುದ್ರಿಸಿದ ಮೊದಲ ಪುಸ್ತಕ. ಆ ಸಂಭ್ರಮ ನನಗಿಂತ ಅವರಿಗೇ ಹೆಚ್ಚಿತ್ತು. “ಬರ್ರಿ ಅಕ್ಕಾರ, ನಿಮ್ಮ ಮಾಲು ತಯಾರದ” ಎಂದು ಕಟ್ಟು ಬಿಚ್ಚಿದರು. ತಿಳಿ ಹಸಿರು ರಕ್ಷಾಪುಟ, ಅದರ ಮೇಲೆ ನನ್ನ ಹೆಸರು. ನಾಲ್ಕೂ ಮೂಲೆಗೆ ಅರಿಶಿನ.

“ಇದೇನ್ರಿ ಅಣ್ಣಾ?”

“ನಮ್ಮ ಮನಿಯಾಕಿ ಹಚ್ಚ್ಯಾಳ್ರಿ. ಶುಭದ ಕೆಲಸ, ಹಂಗೇ ಹ್ಯಾಂಗ ಕೊಡೂದು? ಇನ್ನೂರಕ್ಕೂ ಕೂತು ಹಚ್ಚ್ಯಾಳ.”

ಒಳಗಿನ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹಳದಿ ಬೆರಳು ಸೆರಗಿಗೆ ಒರೆಸಿಕೊಂಡು ನಕ್ಕರು. ಥ್ಯಾಂಕ್ಯೂ ಎಂದೆ. ಪುಟ ತಿರುವುತ್ತ ಕೊನೆಗೆ ಬಂದೆ. ಖಾಲಿ ಬಿಡಲು ಹೇಳಿದ್ದ ಕಡೆಯ ಪುಟದಲ್ಲಿ ಹೂಬಳ್ಳಿಯ ಅಂಚು. ಒಳಗೆ ದಪ್ಪ ಅಕ್ಷರದಲ್ಲಿ ‘ತಮ್ಮ ಆಗಮನಾಭಿಲಾಷಿಗಳು’. ಕೆಳಗೆ ನಮ್ಮ ಮನೆತನದ ಇಪ್ಪತ್ತಾರು ಹೆಸರು. ಎಲ್ಲಕ್ಕಿಂತ ಕೆಳಗೆ, ‘ಆಶೀರ್ವಾದವೇ ಉಡುಗೊರೆ’.

“ಕಡೀ ಪೇಜ್ ಖಾಲಿ ಇತ್ತಲ್ರಿ” ಎಂದರು ಕಾಶಿನಾಥಣ್ಣ. “ಖಾಲಿ ಬಿಟ್ರ ಛಲೋ ಕಾಣಂಗಿಲ್ಲ. ನಿಮಗ ಫೋನ್ ಹಚ್ಚಿದೆ, ನಿಮ್ಮ ಅತ್ತಿಯವರು ಎತ್ತಿದ್ರು. ಹಿರಿಯರ ಹೆಸರು ಹೇಳ್ರಿ ಅಂದೆ. ಅರ್ಧ ತಾಸು ಹೇಳಿದ್ರು ನೋಡ್ರಿ. ಯಾರನ್ನೂ ಬಿಟ್ಟಿಲ್ಲ.”

ಹಪ್ಪಳ ಒಣಹಾಕಲು ಮಾಳಿಗೆಗೆ ಹೋಗಿದ್ದಾಗ ಫೋನನ್ನು ಅಡುಗೆಮನೆಯಲ್ಲಿ ಬಿಟ್ಟಿದ್ದು ನೆನಪಾಯಿತು. ಅತ್ತೆ ಒಂದು ಮಾತೂ ಹೇಳಿರಲಿಲ್ಲ.

“ಈ ಹಾಳಿ ತಗೀಬೇಕ್ರಿ ಅಣ್ಣಾ. ದಯವಿಟ್ಟು. ಇದು ಪುಸ್ತಕ, ಯಾರನ್ನೂ ಊಟಕ್ಕ ಕರಿಯಾಕತ್ತಿಲ್ಲ ನಾನು.” ನನ್ನ ಮಟ್ಟಿಗೆ ಅದು ಜಗಳವೇ.

ಅವರಿಗೆ ನೋವಾಯಿತು. ಆದರೂ ಬ್ಲೇಡು ತಂದು ಒಂದು ಪ್ರತಿಯ ಕಡೆಯ ಹಾಳೆ ಕತ್ತರಿಸಿ ಕೈಗಿಟ್ಟರು. ತೆರೆದೆ. ಮೊದಲ ಹಾಳೆ, ಶೀರ್ಷಿಕೆಯೂ ನನ್ನ ಹೆಸರೂ ಇದ್ದದ್ದು, ಜಾರಿ ನೆಲಕ್ಕೆ ಬಿತ್ತು.

“ನಡುವ ಪಿನ್ ಹೊಡದ ಪುಸ್ತಕರಿ. ಮೊದಲನೇದು, ಕಡೀದು ಒಂದೇ ಹಾಳಿ, ಮಡಚಿದ್ದು. ಅವರನ್ನ ತಗದ್ರ ನೀವೂ ಹೋಗ್ತೀರಿ” ಎಂದರು ಮೆಲ್ಲಗೆ.

“ಹೊಸದಾಗಿ ಹಾಕಿದ್ರ?”

“ಎಂಟು ದಿನ ಬೇಕ್ರಿ. ಲಗ್ನದ ಸೀಜನ್.”

ನೆಲದ ಹಾಳೆ ಎತ್ತಿ ಪರ್ಸಿನಲ್ಲಿಟ್ಟುಕೊಂಡೆ. ಉಳಿದ ನೂರಾ ತೊಂಬತ್ತೊಂಬತ್ತರಲ್ಲಿ ಒಂದನ್ನು ಕೈಯಲ್ಲಿಟ್ಟುಕೊಂಡು, ಮಿಕ್ಕವನ್ನು ಹಾಗೆಯೇ ಎರಡು ಕಟ್ಟು ಮಾಡಿಸಿದೆ. ಅವರ ಹೆಂಡತಿ ಕುಂಕುಮ ಹಚ್ಚಿ ಕಳಿಸಿದರು.

ಮೂರು ಗಂಟೆಯ ಬಸ್ಸು. ಕಂಡಕ್ಟರ್ ಕಟ್ಟುಗಳನ್ನು ಕಾಲಿನಿಂದ ಮುಟ್ಟಿ ನೋಡಿ, “ನೀವು ಫ್ರೀ ಅಕ್ಕಾ, ಇವು ಫ್ರೀ ಅಲ್ಲ” ಎಂದು ಲಗೇಜಿನ ಟಿಕೆಟ್ ಹರಿದರು. ಪಕ್ಕದಲ್ಲಿ ನನ್ನ ವಯಸ್ಸಿನ ಹೆಂಗಸು, ಎಮ್ಮೆಗೆಂದು ಕೊಂಡ ಔಷಧದ ದೊಡ್ಡ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಡಿಲಲ್ಲಿದ್ದ ನನ್ನ ಪ್ರತಿಯ ಮೂಲೆ ನೋಡಿದಳು.

“ಯಾರ ಲಗ್ನರೀ ಅಕ್ಕಾ?”

“ಲಗ್ನ ಅಲ್ಲರಿ. ಪುಸ್ತಕ. ನಾನೇ ಬರದದ್ದು.”

“ಅರಿಶಿನ ಹಚ್ಚಿ ಮಾರ್ತೀರೇನು?” ಎಂದು ಕೈ ಚಾಚಿ ತೆಗೆದುಕೊಂಡು, ಲಗ್ನಪತ್ರಿಕೆ ನೋಡುವವರಂತೆ ಹಿಂದಿನಿಂದಲೇ ತೆರೆದಳು. ಬೆರಳಿಟ್ಟು ಹೆಸರು ಓದುತ್ತ ಹೋಗಿ ಹನ್ನೊಂದನೆಯದಕ್ಕೆ ನಿಂತಳು. “ವೀರಣ್ಣ ಮಾಸ್ತರು. ರಾಜೇಶ್ವರದ ಸಾಲ್ಯಾಗ ಇದ್ದವರಲ್ಲ?”

“ನಮ್ಮ ದೊಡ್ಡ ಮಾವ.”

“ನಾಲ್ಕನೇ ಕ್ಲಾಸಿನಾಗ ಬಡಿದು ಬಡಿದು ಓದಾಕ ಕಲಿಸಿದ್ರು. ಕಲತು ಏನು ಮಾಡ್ದಿ ಅಂದ್ರ, ಬಸ್ಸಿನ ಬೋರ್ಡು ಓದೀನಿ, ಅಷ್ಟೇ. ನೋಡೂಣು, ಅವರ ಮನಿ ಸೊಸಿ ಏನು ಬರದಾಳ.”

ಮೊದಲಿಗೆ ತಿರುವಿದಳು. ತುಟಿಯಾಡಿಸುತ್ತ ಓದಿದಳು. ನಾನು ಕಿಟಕಿಯಾಚೆ ನೋಡುತ್ತಿರುವಂತೆ ನಟಿಸಿದೆ. ಯಾವ ಹೊಲ, ಯಾವ ಬೆಳೆ, ಒಂದೂ ಕಾಣಲಿಲ್ಲ. ಪಕ್ಕದ ಮನೆಯವರು ನಮ್ಮ ಡಬ್ಬಿಯನ್ನು ಖಾಲಿ ಹಿಂದಿರುಗಿಸಿದ ಪುಟಕ್ಕೆ ಬಂದಾಗ ಆಕೆ ತಲೆಯೆತ್ತಿದಳು. “ಇದು ಸುಳ್ಳು. ಖಾಲಿ ಡಬ್ಬಿ ಯಾರು ಕೊಡ್ತಾರ? ಒಂದು ಚಮಚಿ ಸಕ್ರಿನಾದ್ರೂ ಹಾಕ್ತಾರ.”

“ಆಕಿ ಖರೇನೇ ಖಾಲಿ ಕೊಟ್ಟಳ್ರಿ.”

“ಹಂಗಾದ್ರ ಬರದದ್ದು ಛಲೋ ಆತು” ಎಂದು ಮತ್ತೆ ತಲೆ ತಗ್ಗಿಸಿದಳು. ಒಮ್ಮೆ ನಕ್ಕಳು. ಯಾವ ಸಾಲಿಗೆ ಎಂದು ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ.

ರಾಜೇಶ್ವರ ಬಂತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಗಡಬಡಿಸಿ ಎದ್ದು, ಪುಟದ ನಡುವೆ ಬೆರಳಿಟ್ಟುಕೊಂಡೇ ಇಳಿದಳು. ಬಾಟಲಿ ಸೀಟಿನ ಮೇಲೆಯೇ ಇತ್ತು. ಕಿಟಕಿಯಿಂದ ಕೂಗಿ ಕೊಟ್ಟೆ. ಬಾಟಲಿ ಇಸಿದುಕೊಂಡಳು; ಪುಸ್ತಕ ಕೊಡುವ ಮಾತೇ ಬರಲಿಲ್ಲ, ನಾನೂ ಕೇಳಲಿಲ್ಲ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಇಳಿದವರೆಲ್ಲ ಊರಿನ ದಾರಿ ಹಿಡಿದಿದ್ದರು. ಆಕೆಯೊಬ್ಬಳೇ ಎಮ್ಮೆಯ ಔಷಧ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಿಸಿಲಲ್ಲಿ ನಿಂತಲ್ಲೇ ನಿಂತು, ಪುಟ ತಿರುವುತ್ತಿದ್ದಳು.