ಬೀಗದಣ್ಣ ಕೊಂದ ಬಾಡಿಗೆದಾರರು

ಆ ಹಳೇ ಮನೆಯಲ್ಲಿ ಬಾಡಿಗೆಗಿದ್ದು ಹೋದವರಲ್ಲಿ ಮುಕ್ಕಾಲು ಪಾಲು ಜನರನ್ನು ಬೀಗದಣ್ಣ ಕೊಂದಿದ್ದ. ಬಾಯಲ್ಲೇ ಕೊಂದಿದ್ದ ಅನ್ನಿ. ಪಾಪ, ಸತ್ತವರಿಗೆ ಅದು ಗೊತ್ತೇ ಇರಲಿಲ್ಲ.

ಕೆಳಗಡೆ ಬೀದಿಗೆ ತೆರೆಯುವ ಕೋಣೆಯಲ್ಲಿ ಅವನ ಬೀಗ ರಿಪೇರಿ ಅಂಗಡಿ, ಹಿಂದಿನ ಒಳಕೋಣೆಯಲ್ಲಿ ಸಂಸಾರ. ಸಂಸಾರ ಅಂದರೆ ಈಗ ಅವನೊಬ್ಬನೇ. ಹೆಂಡತಿ ತೀರಿಕೊಂಡು ವರ್ಷಗಳಾದವು. ಮಾಲೀಕನಿಗೆ ಮನೆ ಮಾರುವ ಹುಚ್ಚು ಹಿಡಿದಿತ್ತು. ಮಾರಿದರೆ ಬೀಗದಣ್ಣ ಬೀದಿಪಾಲು. ಅವನಿಗೋ, ಪ್ರಾಣ ಹೋದರೂ ಆ ಮನೆ ಬಿಡುವ ಮನಸ್ಸಿಲ್ಲ. ಯಾಕೆ ಅಂತ ಕೇಳಿದರೆ, "ಗಿರಾಕಿಗಳು ರೂಢಿಯಾಗ್ಬಿಟ್ಟಿದ್ದಾರೆ" ಎಂದು ಹಾರಿಕೆ ಮಾತಾಡುತ್ತಿದ್ದ.

ಮನೆ ನೋಡಲು ಯಾರೇ ಬರಲಿ, ಮಹಡಿಯ ಬೀಗ ತೆಗೆಯುವುದು ಅವನೇ. ಊರವರ ಬೀಗಗಳನ್ನೆಲ್ಲ ಕಣ್ಣುಮುಚ್ಚಿ ತೆಗೆಯುವವನಿಗೆ ಅದೊಂದು ಬೀಗ ಮಾತ್ರ ಬಗ್ಗುತ್ತಲೇ ಇರಲಿಲ್ಲ. ಕೀಲಿ ತಿರುಗಿಸುತ್ತಾ, ಎಣ್ಣೆ ಬಿಡುತ್ತಾ, ನಿಟ್ಟುಸಿರಿಡುತ್ತಾ ಮನೆಯ ಚರಿತ್ರೆ ಬಿಚ್ಚುತ್ತಿದ್ದ. ಮಹಡಿಯಲ್ಲಿ ಬಾಡಿಗೆಗಿದ್ದ ವಕೀಲರು ಇದೇ ಮೆಟ್ಟಿಲಿಂದ ಉರುಳಿ ಹೋದರಂತೆ. ನಿಜಕ್ಕೂ ಅವರು ಹೋದದ್ದು ಸ್ವಂತ ಮನೆ ಕಟ್ಟಿಸಿಕೊಂಡು. ಹಲ್ಲಿನ ಡಾಕ್ಟರು ತಮ್ಮದೇ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಸತ್ತರಂತೆ. ಆ ಮಹಾನುಭಾವರು ಪಕ್ಕದ ಬೀದಿಯಲ್ಲೇ ಗಟ್ಟಿಮುಟ್ಟಾಗಿ ಜನರ ಹಲ್ಲು ಕೀಳುತ್ತಿದ್ದರು. ತನಗೆ ಹಲ್ಲುನೋವು ಬಂದರೆ ಬೀಗದಣ್ಣ ಯಾವ ಮುಖ ಹೊತ್ತು ಅಲ್ಲಿಗೆ ಹೋದಾನು? ಕೆನ್ನೆ ಊದಿಸಿಕೊಂಡು ಮನೆಯಲ್ಲೇ ಕೂರುತ್ತಿದ್ದ. ಅಂತೂ ಬೀಗ ತೆರೆಯುವಷ್ಟರಲ್ಲಿ ಮನೆ ಕೊಳ್ಳಲು ಬಂದವರು ಗೇಟು ದಾಟಿರುತ್ತಿದ್ದರು. ಅವರನ್ನು ಕರೆತರುವ ದಲ್ಲಾಳಿಯೂ ಎಲ್ಲ ನಂಬಿಬಿಟ್ಟು ಮಹಡಿ ಹತ್ತುವುದನ್ನೇ ನಿಲ್ಲಿಸಿದ್ದ.

ಒಂದು ಮಧ್ಯಾಹ್ನ ಈ ದಲ್ಲಾಳಿ ಒಬ್ಬ ವಯಸ್ಸಾದ ಹೆಂಗಸನ್ನು ಕರೆತಂದು, ತಾನು ಕೆಳಗೇ ನಿಂತ. ಬೀಗದಣ್ಣ ಆಕೆಯನ್ನು ಮೇಲೆ ಕರೆದೊಯ್ದು, ಬೀಗಕ್ಕೆ ಕೀಲಿ ಹಾಕಿ ಶುರುಹಚ್ಚಿಕೊಂಡ.

"ಇಲ್ಲಿ ಟೈಪಿಂಗ್ ಕ್ಲಾಸ್ ಇತ್ತಮ್ಮ, ನಾನು ಬರೋಕೆ ಮುಂಚೆ. ಟೀಚರ್ ತುಂಬಾ ಒಳ್ಳೆಯವರಂತೆ. ಒಂದಿನ ಟೈಪ್ ಮಾಡ್ತಾ ಮಾಡ್ತಾನೇ ಮೆಷಿನ್ ಮೇಲೆ ತಲೆ ಇಟ್ಟು ಹೋಗ್ಬಿಟ್ರು. ಈಗ್ಲೂ ಟಕಟಕ ಅಂತ ಕೇಳ್ಸುತ್ತೆ."

"ಅಯ್ಯೋ ಪಾಪ! ನೋವಾಯ್ತಂತಾ ಅವರಿಗೆ?"

"ಇಲ್ಲಮ್ಮ, ಸುಖವಾದ ಸಾವು."

"ಸದ್ಯ!" ಎಂದವರೇ ಆಕೆ ಅವನ ಕೈ ಸರಿಸಿ ತಾವೇ ಕೀಲಿ ತಿರುಗಿಸಿದರು. ಬೀಗ ಕಳಚಿತು. ಚಿಲಕ ಹಿಡಿದು ಬಾಗಿಲನ್ನು ಕೊಂಚ ಮೇಲೆತ್ತಿ, ಭುಜ ಕೊಟ್ಟು ತಳ್ಳಿದರು. ಆ ಜೋತುಬಿದ್ದ ಬಾಗಿಲನ್ನು ಹಾಗೆ ಎತ್ತಿ ತಳ್ಳಬೇಕೆಂದು ಅಲ್ಲಿ ಇದ್ದು ಹೋದವರಿಗಷ್ಟೇ ಗೊತ್ತು.

"ಸತ್ತ ಮೇಲೂ ಅಭ್ಯಾಸ ತಪ್ಪಿಲ್ಲ ನೋಡಪ್ಪಾ," ಎಂದರು ಟೈಪಿಂಗ್ ಟೀಚರ್. "ಇನ್ನುಳಿದ ಕಾಲ ಈ ಹಳೇ ಕೋಣೇಲೇ ಇರೋಣ, ಕೆಳಗಿನ ಅಂಗಡಿ ಒಡೆಸಿ ಅಡುಗೆಮನೆ ಮಾಡ್ಸೋಣ ಅಂತ ಬಂದೆ. ನೀನು ನೋಡಿದ್ರೆ ನನ್ನನ್ನೇ ಮುಗಿಸಿಬಿಟ್ಟಿದೀಯ."

ಬೀಗದಣ್ಣ ನೆಲ ನೋಡುತ್ತಾ ಎಲ್ಲವನ್ನೂ ಬಾಯಿಬಿಟ್ಟ. ಟೀಚರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಹಲ್ಲಿನ ಡಾಕ್ಟರ ಸಾವಿಗಂತೂ ಕಿಟಕಿ ಸರಳು ಹಿಡಿದುಕೊಂಡು ನಕ್ಕರು.

"ಅಲ್ಲಪ್ಪಾ, ಇಷ್ಟೊಂದು ಜನರನ್ನ ಸಾಯಿಸಿದೀಯ. ನಿಜವಾಗ್ಲೂ ಈ ಮನೇಲಿ ಯಾರೂ ಸತ್ತೇ ಇಲ್ವಾ?"

ಬೀಗದಣ್ಣ ಕೀಲಿಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನನ್ನ ಹೆಂಡ್ತಿ. ಕೆಳಗೆ ಒಳಕೋಣೇಲಿ."

"ಅದನ್ನ ಯಾರಿಗೂ ಹೇಳ್ಲಿಲ್ವಾ? ಅದೊಂದೇ ಸಾಕಿತ್ತಲ್ಲೋ!"

"ಅವಳನ್ನ ಹೇಗಮ್ಮಾ ದೆವ್ವ ಮಾಡ್ಲಿ? ಬದುಕಿದ್ದಾಗ್ಲೇ ಯಾರಿಗೂ ಜೋರಾಗಿ ಮಾತಾಡಿದವಳಲ್ಲ. ಅವಳಿದ್ದ ಕೋಣೆ ಬಿಟ್ಟು ಹೋಗಕ್ಕಾಗಲ್ಲ ಅಂತ ತಾನೇ ಇದೆಲ್ಲ."

ಟೀಚರ್ ಮೇಜುಗಳ ಕಾಲೂರಿ ಗುಳಿಬಿದ್ದ ಆ ನೆಲವನ್ನು ಕಣ್ತುಂಬ ನೋಡಿಕೊಂಡರು. ಅದು ಅವರಿಗೆ ಬಹಳ ಬೇಕಾದ ಕೋಣೆಯಾಗಿತ್ತು. ಆಮೇಲೆ ಕೈಯಾರೆ ತಲೆಗೂದಲು ಕೆದರಿಕೊಂಡು, ಧಡಧಡನೆ ಮೆಟ್ಟಿಲಿಳಿದು, ದಲ್ಲಾಳಿಯ ಮೇಲೆ ಎಗರಿಬಿದ್ದರು.

"ಏನ್ರೀ, ಎಂಥಾ ಮನೆ ತೋರಿಸ್ತೀರಿ! ಮೇಲೆ ಒಂದು ಮೆಷಿನ್ ಇಲ್ಲ, ಆದ್ರೂ ಯಾರೋ ಟೈಪ್ ಮಾಡ್ತಾ ಇದ್ದಾರೆ!"

ದಲ್ಲಾಳಿ ಒಂದು ಚಪ್ಪಲಿ ಅಲ್ಲೇ ಬಿಟ್ಟು ಗೇಟಿನಾಚೆ ಓಡಿದ.

ಬೀಗದಣ್ಣ ಮಹಡಿಗೆ ಬೀಗ ಜಡಿದು ಒಳಕೋಣೆಗೆ ಬಂದ. ಹೆಂಡತಿ ಮಲಗುತ್ತಿದ್ದ ಮಂಚದ ತುದಿಯಲ್ಲಿ ಕೂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ಹೇಳಿದ. ದಲ್ಲಾಳಿಯ ಚಪ್ಪಲಿಯ ವಿಷಯ ಬಂದಾಗ ಇಬ್ಬರ ಪಾಲಿನ ನಗುವನ್ನೂ ಅವನೊಬ್ಬನೇ ನಗಬೇಕಾಯಿತು.