ಹಜೀರಾಬಿಯ ಕೆಂಪು ತೊಟ್ಟಿ

ಹಜೀರಾಬಿ ಸಾಧು ಹೆಂಗಸು ಅಂತ ನಾನು ಹೇಳುವುದಿಲ್ಲ. ಮೂರು ವರ್ಷ ಹಲ್ಲು ಕಚ್ಚಿಕೊಂಡು ಸೇಡು ಕಾದವಳು. ಅವಳ ಪಕ್ಕದಲ್ಲೇ ನಿಂತು ನೂಲು ಹಿಂಡಿದ ನಾನು ಅದನ್ನು ಮೆಚ್ಚಿಯೇ ಹೇಳುತ್ತಿದ್ದೇನೆ.

ಅಜ್ಜಂಪುರದ ಸೋಮಶೇಖರಪ್ಪನ ಬಣ್ಣದ ಶೆಡ್ಡಿನಲ್ಲಿ ನೂಲಿಗೆ ಕೆಂಪು ಹಾಕುತ್ತಿದ್ದವನು ಅವಳ ಗಂಡ ದಾವೂದ್ ಸಾಬ್. ಆ ಕೆಂಪಿಗೆ ಒಲೆ ಬೇಡ. ನೂಲನ್ನು ಮೊದಲು ನ್ಯಾಫ್ಥಾಲ್ ನೀರಿನಲ್ಲಿ ನೆನೆಸಬೇಕು. ಇನ್ನೊಂದು ತೊಟ್ಟಿಯಲ್ಲಿ ಬೇಸ್ ಅನ್ನುವ ಪುಡಿಯನ್ನು, ಓದಿದವರು ಅಮೈನ್ ಅನ್ನುತ್ತಾರಲ್ಲ ಅದನ್ನು, ಆಸಿಡ್ಡಿಗೆ ಕಲಸಿ, ಐಸು ಸುರಿದು, ನೈಟ್ರೈಟ್ ಉಪ್ಪನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಅದೇ ಡಯಾಜೋ. ನೂಲು ಅದರಲ್ಲಿ ಮುಳುಗಿದ್ದೇ ತಡ, ಕುಂಕುಮದಂಥ ಕೆಂಪು. ತೊಟ್ಟಿ ಬೆಚ್ಚಗಾಯಿತೋ, ಡಯಾಜೋ ನೊರೆಯೆದ್ದು ಸಾಯುತ್ತದೆ, ನೂಲು ಕಾಫಿ ಚರಟದ ಬಣ್ಣಕ್ಕೆ ಬರುತ್ತದೆ. ಐಸು ಕಡೂರಿನಿಂದ ಬೆಳಗಿನ ರೈಲಿಗೆ, ಭತ್ತದ ಹೊಟ್ಟು ತುಂಬಿದ ಮೂಟೆಯಲ್ಲಿ ಬರುತ್ತಿತ್ತು.

ಎಪ್ಪತ್ತೇಳರಲ್ಲಿ ದಾವೂದನ ಉಚ್ಚೆ ಕೆಂಪಗಾಯಿತು. ಶೆಡ್ಡಿನವರ ಉಚ್ಚೆಗೆ ಬಣ್ಣ ಬರುವುದು ಹೊಸದೇನಲ್ಲ, ನಾವೇ ಅದನ್ನು ಆಡಿಕೊಂಡು ನಗುತ್ತಿದ್ದೆವು.

"ರಕ್ತ ಅಲ್ಲ ಕಣೋ, ಬಣ್ಣ ಇಳೀತೈತೆ. ಮಜ್ಜಿಗೆ ಕುಡಿ" ಅಂದ ಸೋಮಶೇಖರಪ್ಪ.

ಪುಣ್ಯಾತ್ಮ ಎರಡು ವರ್ಷ ಮಜ್ಜಿಗೆ ಕುಡಿದ. ಕೊನೆಗೆ ಶಿವಮೊಗ್ಗದ ಡಾಕ್ಟರು ನೋಡಿ, ಮೂತ್ರಕೋಶದಲ್ಲಿ ಗಡ್ಡೆ, ಬೇಸಿನ ಪುಡಿ ಮುಟ್ಟುವವರಿಗೆ ಬರುತ್ತದೆ ಅಂದರಂತೆ. ಆರು ತಿಂಗಳಲ್ಲಿ ದಾವೂದ್ ಮಣ್ಣಾದ. ಸೋಮಶೇಖರಪ್ಪ ಮಾತ್ರ, ಬೀಡಿ ಸೇದಿ ಸತ್ತ ಅಂತ ಊರಿಗೆಲ್ಲ ಸಾರಿದ. ದಾವೂದ್ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ನಮಗೂ ಗೊತ್ತಿತ್ತು, ಹೊಟ್ಟೆಪಾಡಿಗೆ ಬಾಯಿ ಮುಚ್ಚಿಕೊಂಡಿದ್ದೆವು.

ಗಂಡನಿಂದ ಕಲಿತು, ಐಸಿನ ಹದ ಗೊತ್ತಿದ್ದವಳು ಹಜೀರಾಬಿ ಒಬ್ಬಳೇ. ಗಂಡನ ತೊಟ್ಟಿಗೆ ಅವಳೇ ನಿಂತಳು. ಕೈಗೆ ಬಟ್ಟೆ ಸುತ್ತಿಕೊಂಡು ದುಡಿದಳು.

ಎಂಬತ್ತೆರಡರ ಮದುವೆ ಕಾಲಕ್ಕೆ ತರೀಕೆರೆಯಿಂದ ದೊಡ್ಡ ಆರ್ಡರು ಬಂತು. ಇದು ಕೆಟ್ಟರೆ ಶೆಡ್ಡೇ ಮುಚ್ಚಬೇಕು ಅಂತ ಸೋಮಶೇಖರಪ್ಪನೇ ಹೇಳಿದ್ದ. ಅಷ್ಟೂ ನೂಲು ನ್ಯಾಫ್ಥಾಲಿನಲ್ಲಿ ನೆಂದು ನೇತಾಡುತ್ತಿತ್ತು. ಅದನ್ನು ಬಹಳ ಹೊತ್ತು ಗಾಳಿಗೆ ಬಿಟ್ಟರೆ ಕೆಂಪು ಸರಿಯಾಗಿ ಹಿಡಿಯುವುದಿಲ್ಲ. ಹಜೀರಾಬಿ ಐಸಿನ ಮೂಟೆಯ ಮೇಲೆ ಕೂತುಬಿಟ್ಟಳು.

"ನನ್ ಗಂಡ ಯಾತರಿಂದ ಸತ್ತ, ಎಲ್ರ ಮುಂದೆ ಹೇಳ್ರಿ ಸಾವ್ಕಾರ್ರೆ."

ಸೋಮಶೇಖರಪ್ಪ ಕೂಗಾಡಿದ, ಪೊಲೀಸು ಅಂದ. ಅವಳು ಅಲ್ಲಾಡಲಿಲ್ಲ. ಬಿಸಿಲೇರಿತು. ಕೊನೆಗೆ ಆಸಾಮಿ ಮೆತ್ತಗಾದ.

"ಬೇಸಿನ ಪುಡಿಯಿಂದ ಸತ್ತ. ಡಾಕ್ಟ್ರು ನಂಗೂ ಕಾಗ್ದ ಬರ್ದಿದ್ರು, ಮಿಕ್ಕೋರ್ನೆಲ್ಲ ಕಳ್ಸು, ಪರೀಕ್ಷೆ ಮಾಡ್ಬೇಕು ಅಂತ. ನೀವೆಲ್ಲ ಕೆಲಸ ಬಿಟ್ಟೀರಿ ಅಂತ ಮುಚ್ಚಿಟ್ಟೆ. ಆಯ್ತಾ? ಏಳಮ್ಮ ಈಗ, ಐಸು ಹಾಕು."

ಆ ಕಾಗದದ ಸುದ್ದಿ ಹಜೀರಾಬಿಗೂ ಗೊತ್ತಿರಲಿಲ್ಲ. ಅದು ಬಂದ ಮೇಲೂ ಮೂರು ವರ್ಷ ಆ ಪುಡಿ ಉಸಿರಾಡಿದ್ದು ನಾವು.

ಅವಳು ಎದ್ದಳು. ಮೂಟೆಯನ್ನು ದರದರ ಎಳೆದುಕೊಂಡು ಹೋಗಿ, ಬಾಯಿ ಬಿಚ್ಚಿ, ಅಂಗಳದ ಬಿಸಿಲಿಗೆ ಸುರಿದಳು.

"ಎತ್ಕೊಳ್ರೋ! ಏ ಯಲ್ಲಮ್ಮ, ಎತ್ಕೊಳ್ಳೇ!" ಸೋಮಶೇಖರಪ್ಪ ನನ್ನ ಹೆಸರು ಹಿಡಿದು ಅರಚಿದ.

ಒಂಬತ್ತು ಜನ ಇದ್ದೆವು. ಐಸು ಪೂರ್ತಿ ನೀರಾಗುವ ತನಕ ಕೈಕಟ್ಟಿಕೊಂಡು ನೋಡಿದೆವು.