ಗಡಿಯಲ್ಲಿ ನಿಂತವರ ಪರವಾಗಿ ಉಮಾಶಂಕರ್ ಮೇಷ್ಟ್ರು

ರಾಯಭಾರದ ಇತಿಹಾಸವೆಂದರೆ ದೊರೆಗಳ ಕರಾರು, ಮಂತ್ರಿಗಳ ಮೊಹರು ಎಂದೇ ನಂಬಿದ್ದ ವಿದ್ವಲ್ಲೋಕಕ್ಕೆ, ಆಟೋಮನ್ ಸಾಮ್ರಾಜ್ಯಕ್ಕೂ ಯುರೋಪಿಗೂ ನಡುವಿನ ಗಡಿಗಳಲ್ಲಿ ಪ್ಲೇಗು, ಕಾಲರಾಗಳ ಭಯದಿಂದ ತಡೆದು ನಿಲ್ಲಿಸಿದ್ದ ಪ್ರಯಾಣಿಕರನ್ನು ತೋರಿಸಿಕೊಟ್ಟವರು ಡಾ. ಉಮಾಶಂಕರ್ ಅವರು. ಚಿತ್ರದುರ್ಗದಲ್ಲಿ ಹುಟ್ಟಿ, ಇಸ್ತಾಂಬುಲ್‌ನಲ್ಲಿ ಹಳೆಯ ತುರ್ಕಿ ಲಿಪಿ ಕಲಿತು, ಟೋಕಿಯೋದ ವಿಶ್ವವಿದ್ಯಾಲಯವೊಂದರಲ್ಲಿ ಮೇಷ್ಟ್ರಾದ ಅವರನ್ನು ಅಲ್ಲಿನ ಎಡೋಗಾವಾ ಬಡಾವಣೆಯ ಕನ್ನಡಿಗರು "ಕೊಂಕಣ ಸುತ್ತಿ ಮೈಲಾರಕ್ಕೆ ಬಂದವರು" ಎಂದು ಚುಡಾಯಿಸಿದರೆ, "ಮೈಲಾರಾನೂ ದಾಟ್ಬಿಟ್ಟೆ ಕಣ್ರೀ" ಎಂದು ನಗುತ್ತಿದ್ದರು. ಈ ಮಾರ್ಚಿಗೆ ಅವರು ನಿವೃತ್ತರಾಗುತ್ತಾರೆಂಬುದನ್ನು ಅವರ ಕೊನೆಯ ಶಿಷ್ಯೆ ಸಿಂಧೂರಾಳಿಗೆ ಇನ್ನೂ ನಂಬಲಾಗುತ್ತಿಲ್ಲ.

ಪಾಠದಲ್ಲಿ ಮಹಾ ಜಾಣರಾದ ಮೇಷ್ಟ್ರು ವ್ಯವಹಾರದಲ್ಲಿ ಮಾತ್ರ ಶುದ್ಧ ಹಟಮಾರಿ. ಜಪಾನಿನಲ್ಲಿ ಯಾವ ತೀರ್ಮಾನವೂ ಸಭೆಯಲ್ಲಿ ಆಗುವುದಿಲ್ಲ. ಮೊದಲೇ ಕೋಣೆ ಕೋಣೆಗೆ ಹೋಗಿ ಒಬ್ಬೊಬ್ಬರ ಒಪ್ಪಿಗೆ ಪಡೆದಿರಬೇಕು. ಇವರೋ, "ಸಭೆಯ ಮಾತು ಸಭೆಯಲ್ಲೇ" ಎಂದು ಕೂತವರು. ಫಲವಾಗಿ ಅವರ ಸೂಚನೆಗಳೆಲ್ಲ ಅತ್ಯಂತ ಗೌರವಪೂರ್ವಕವಾಗಿ ಬಿದ್ದುಹೋಗುತ್ತಿದ್ದವು!

ಸಿಂಧೂರಾಳಿಗೆ ಅವರ ಬಳಿ ಸಂಶೋಧನೆಗೆ ಸೀಟು ಸಿಕ್ಕಿದ್ದು ೨೦೨೦ರಲ್ಲಿ. ಅಷ್ಟರಲ್ಲಿ ಕೋವಿಡ್ ಬಂತು, ಜಪಾನ್ ಬಾಗಿಲು ಮುಚ್ಚಿತು. ಹುಡುಗಿ ಹಾಸನದ ಮನೆಯಲ್ಲೇ ಉಳಿದಳು. ತಿಂಗಳುಗಳು ಕಳೆದರೂ ದೇಶಕ್ಕೆ ಬಾರದವರ ಸೀಟು ರದ್ದು ಮಾಡುವ ವಿಷಯ ವಿಭಾಗದ ಸಭೆಗೆ ಬರಲಿತ್ತು. ಮೇಷ್ಟ್ರು ದೊಡ್ಡ ಭಾಷಣ ಸಿದ್ಧಪಡಿಸಿದ್ದರು.

"ಸರ್, ಭಾಷಣ ಬೇಡ," ಎಂದಳು ಸಿಂಧೂರಾ ವೀಡಿಯೋ ಕಾಲ್‌ನಲ್ಲಿ. "ನಿಮ್ಮ ಬುಕ್‌ನಲ್ಲೇ ಇದೆಯಲ್ಲ? ಇಸ್ತಾಂಬುಲ್ ಆರೋಗ್ಯ ಮಂಡಳಿಯಲ್ಲಿ ಯುರೋಪಿಯನ್ಸೂ ಆಟೋಮನ್ ಆಫೀಸರ್ಸೂ ಮೀಟಿಂಗ್‌ಗೆ ಮೊದ್ಲೇ ಕಾಫಿ ಕುಡೀತಾ ಎಲ್ಲಾ ಡಿಸೈಡ್ ಮಾಡ್ಕೊಳ್ತಿದ್ರು ಅಂತ. ಪ್ಲೀಸ್ ಸರ್, ನನಗೋಸ್ಕರ ಒಂದ್ಸಲ ಹೋಗಿ."

ಮೇಷ್ಟ್ರು ಭಾಷಣದ ಹಾಳೆಗಳನ್ನು ಮಡಚಿಟ್ಟು, "ಬರೆದವನಿಗೇ ಪಾಠ ಹೇಳ್ತೀಯಲ್ಲಮ್ಮ!" ಎಂದರು.

ಮರುದಿನದಿಂದ ಮಾಸ್ಕ್ ಹಾಕಿಕೊಂಡು, ಪ್ರತಿ ಬಾಗಿಲಲ್ಲೂ "ಸುಮಿಮಾಸೆನ್", ಅಂದರೆ "ಕ್ಷಮಿಸಿ", ಎಂದು ತಲೆಬಾಗುತ್ತ ಹೊರಟರು. ಆ ಅಭಿಮಾನಧನರಿಗೆ ಅದೆಷ್ಟು ಕಷ್ಟವಾಗಿರಬೇಕು! ವಿಭಾಗದ ಹಿರಿಯ ಪ್ರಾಧ್ಯಾಪಕರಾದ ಕುರೋದಾ ಸಾನ್ ಮಾತ್ರ, "ನಿಯಮ ನಿಯಮವೇ" ಎಂದುಬಿಟ್ಟರು. "ನಾನು ಓದಿದ ಕಡತಗಳಲ್ಲಿ ಗಡಿಯ ಅಧಿಕಾರಿಗಳೆಲ್ಲ ಇದನ್ನೇ ಬರೆದಿದ್ದಾರೆ. ಅವರ ಹೆಸರು ಇವತ್ತು ಯಾರಿಗೂ ಬೇಕಾಗಿಲ್ಲ," ಎಂದರು ಮೇಷ್ಟ್ರು. ಕುರೋದಾ ಸಾನ್ ಎದ್ದುಹೋಗಿ ಚಹಾ ಮಾಡಿ ತಂದರು. ಸಭೆಯಲ್ಲಿ ಮೇಷ್ಟ್ರು ತುಟಿ ಬಿಚ್ಚಲಿಲ್ಲ, ವಿರೋಧವೂ ಬರಲಿಲ್ಲ. ಸೀಟು ಉಳಿಯಿತು.

ಬಾಗಿಲು ತೆರೆಯಲು ಎರಡು ವರ್ಷ ಹಿಡಿಯಿತು. ಅಷ್ಟು ಕಾಲವೂ ಪ್ರತಿ ವಾರ ತಪ್ಪದೆ ತೆರೆಯ ಮೇಲೆ ಪಾಠ ಹೇಳಿದ ಗುರುಗಳನ್ನು ಸಿಂಧೂರಾ ಕಣ್ಣೆದುರು ಕಂಡದ್ದು ನರಿತಾ ವಿಮಾನ ನಿಲ್ದಾಣದಲ್ಲಿ. ಬರಬೇಡಿ ಎಂದಿದ್ದರೂ ಬಂದಿದ್ದರು. ಅವಳು ಕಾಲಿಗೆ ನಮಸ್ಕರಿಸಲು ಬಾಗಿದರೆ, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಜೀವಮಾನವೆಲ್ಲಾ ತಡೆದು ನಿಲ್ಲಿಸಿದವರ ಬಗ್ಗೆ ಬರೆದೆ ಕಣಮ್ಮ. ಒಬ್ಬರಾದ್ರೂ ಒಳಗೆ ಬಂದದ್ದನ್ನ ಇವತ್ತೇ ನೋಡಿದ್ದು."

ಮೇಷ್ಟ್ರು ನೂರ್ಕಾಲ ಬಾಳಲಿ, ಆರೋಗ್ಯದಿಂದಿರಲಿ, ಬರೆಯುತ್ತಲೇ ಇರಲಿ. ಬಾಗಿಲಾಚೆ ಇನ್ನೂ ಬಹಳ ಮಂದಿ ನಿಂತಿದ್ದಾರೆ.